ಮೊದಲು ಯಶಸ್ಸು, ಆಮೇಲೆ ಖುಷಿ: ಐದು ವರ್ಷ ಎಲ್ಲ ಬಿಟ್ಟು ದುಡಿದರೆ ಸಾಕಾ?

ಗೆಳೆಯರು, ಆಟ, ಮನೆಯವರ ಜೊತೆ ಹರಟೆ ಎಲ್ಲವನ್ನೂ ಐದು ವರ್ಷ ಬದಿಗಿಟ್ಟು ದುಡಿದುಬಿಡುತ್ತೇನೆ, ಆಮೇಲೆ ನೆಮ್ಮದಿಯಾಗಿರುತ್ತೇನೆ, ಇದು ಸರಿನಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ. ಇದೇ ಮಾತನ್ನು ನಾನು ಎಷ್ಟು ಜನರ ಮುಂದೆ ಎಷ್ಟು ಗತ್ತಿನಿಂದ ಹೇಳಿಕೊಂಡು ತಿರುಗಿದ್ದೆ ಅಂತ ನೆನಪಾಯಿತು.

ನಾನು ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಸೇರಿದ ಹೊಸತರಲ್ಲೇ ವಿಭಾಗದ ಮುಖ್ಯಸ್ಥನ ಕುರ್ಚಿ ಮೇಲೆ ಕಣ್ಣಿಟ್ಟೆ. ಅದು ಸಿಗುವ ತನಕ ಬೇರೇನೂ ಬೇಡ ಅಂದುಕೊಂಡೆ. ಸಂಜೆ ಬ್ಯಾಡ್ಮಿಂಟನ್ ಆಡುತ್ತಿದ್ದೆ, ಬಿಟ್ಟೆ. ಕಾಲೇಜಿನಿಂದಲೂ ಜೊತೆಗಿದ್ದ ಒಬ್ಬ ಗೆಳೆಯ ಫೋನ್ ಮಾಡಿದಾಗಲೆಲ್ಲ "ಇದೊಂದು ಮುಗೀಲಿ ಕಣೋ, ಆಮೇಲೆ ಆರಾಮಾಗಿ ಮಾತಾಡೋಣ" ಅನ್ನುತ್ತಿದ್ದೆ. ಆ "ಇದೊಂದು" ಮೊದಲು ವರ್ಷಾಂತ್ಯದ ಲೆಕ್ಕ ಆಗಿತ್ತು, ಆಮೇಲೆ ಒಂದು ಪರೀಕ್ಷೆ, ಅದಾದ ಮೇಲೆ ಹೊಸ ಸಾಫ್ಟ್‌ವೇರ್, ಅದು ಮುಗಿಯುವಷ್ಟರಲ್ಲಿ ಮತ್ತೆ ವರ್ಷಾಂತ್ಯ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅರ್ಧ ಗಮನ ಫೋನಿನಲ್ಲೇ. ಏನಾದರೂ ಕೇಳಿದರೆ "ಹೂಂ" ಅನ್ನುತ್ತಿದ್ದೆ. ಏನು ಕೇಳಿದರು ಅಂತ ಗೊತ್ತಿರುತ್ತಿರಲಿಲ್ಲ.

ಕುರ್ಚಿ ಸಿಕ್ಕಿತು. ಹೌದು, ಸಿಕ್ಕಿತು. ನಿಮಗೂ ಸಿಗುತ್ತದೆ ಬಿಡಿ, ಹಟ ಹಿಡಿದವರಿಗೆ ಇಂಥದ್ದು ಸಿಗುತ್ತದೆ.

ಬಡ್ತಿಯ ಪತ್ರ ಬಂದಾಗ ಆಫೀಸಿನ ಮೆಟ್ಟಿಲ ಮೇಲೆ ಕೂತು ಯಾರಿಗೆ ಮೊದಲು ಹೇಳಲಿ ಅಂತ ಫೋನ್ ತೆಗೆದೆ. ಗೆಳೆಯನ ಹೆಸರು ಹುಡುಕಲು ಕೆಳಗೆ ಕೆಳಗೆ ಹೋಗಬೇಕಾಯಿತು. ಅವನ ಕೊನೆಯ ಸಂದೇಶ "ಬಿಡುವಾದಾಗ ಹೇಳು ಮಾರಾಯ" ಅಂತಿತ್ತು, ಎಷ್ಟೋ ತಿಂಗಳ ಹಿಂದಿನದು. ಅದರ ಕೆಳಗೆ ನನ್ನ ಉತ್ತರವೇ ಇರಲಿಲ್ಲ. ಆ ಖಾಲಿ ಜಾಗದಲ್ಲೇ ಬಡ್ತಿಯ ಸುದ್ದಿ ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ "ಅಭಿನಂದನೆಗಳು" ಅಂತ ಬಂತು. ಬೈಗುಳ ಇಲ್ಲದೆ ಒಂದು ಮಾತನ್ನೂ ಮುಗಿಸದವನು ಅವನು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಕತೆ ಕೇಳಿದವರೆಲ್ಲ "ಜಾಸ್ತಿ ಕೆಲಸ ಮಾಡಿ ಹಾಳಾದೆ" ಅಂತ ತಿಳಿದುಕೊಳ್ಳುತ್ತಾರೆ. ಅಲ್ಲ. ಕೆಲಸ ನನಗೆ ಇಷ್ಟ. ತಪ್ಪು ಮಾಡಿದ್ದು ಬೇರೆ ಕಡೆ. ಖುಷಿಯಾಗಿದ್ದರೆ ಸಡಿಲ ಆಗಿಬಿಡುತ್ತೇನೆ, ಮುಖ ಗಂಟಿಕ್ಕಿಕೊಂಡಿದ್ದರೆ ಮಾತ್ರ ದುಡಿಯುತ್ತಿದ್ದೇನೆ ಅಂತ ಲೆಕ್ಕ, ಹೀಗೆ ನಂಬಿಬಿಟ್ಟಿದ್ದೆ. ಸಂಜೆ ಬಿಡುವು ಸಿಕ್ಕರೂ ಆಡಲು ಹೋಗುತ್ತಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ಕೂತು ಮಾಡಿದ್ದೇನು ಗೊತ್ತಾ? ನನ್ನ ಜೊತೆ ಓದಿದವರಲ್ಲಿ ಯಾರಿಗೆ ಯಾವ ಹುದ್ದೆ ಸಿಕ್ಕಿತು ಅಂತ ಸುಮ್ನೆ ಒಬ್ಬೊಬ್ಬರದೇ ಪುಟ ನೋಡುವುದು. ಅಂದರೆ ಆಟ ಬಿಟ್ಟು ಉಳಿಸಿದ ಹೊತ್ತು ಕೆಲಸಕ್ಕೂ ಹೋಗಲಿಲ್ಲ. ಬರೀ ಬಿಟ್ಟದ್ದೇ ಬಂತು. ಆದರೆ ಬಿಟ್ಟಿದ್ದೇನಲ್ಲ, ಅದೇ ಒಂದು ಸಾಧನೆ ಅನ್ನಿಸುತ್ತಿತ್ತು.

ಇದರಿಂದ ಆದ ನಿಜವಾದ ನಷ್ಟ ಏನೆಂದರೆ, ಹೆಚ್ಚು ಬಿಟ್ಟಷ್ಟೂ ಆ ಕುರ್ಚಿಯ ಬೆಲೆ ನನ್ನ ತಲೆಯಲ್ಲಿ ಏರುತ್ತಾ ಹೋಯಿತು. ಇಷ್ಟೆಲ್ಲ ಬಿಟ್ಟ ಮೇಲೆ ಅದು ನನಗೆ ಹೊಂದುತ್ತದಾ ಅಂತ ಕೇಳಿಕೊಳ್ಳುವ ಧೈರ್ಯ ಎಲ್ಲಿಂದ ಬರಬೇಕು? ಅಲ್ಲಿ ಕೂತವರು ಬೆಳಗ್ಗೆಯಿಂದ ಸಂಜೆ ತನಕ ಏನು ಮಾಡುತ್ತಾರೆ ಅಂತ ಒಂದು ದಿನವೂ ವಿಚಾರಿಸಲಿಲ್ಲ. ಅವರು ನಾಲ್ಕು ಮೇಜಿನ ಆಚೆ ಕೂತಿದ್ದರು! ಮಾಡುತ್ತಿದ್ದದ್ದು ಮೀಟಿಂಗ್, ರಜೆ ಮಂಜೂರು, ಇಬ್ಬರ ಜಗಳ ಬಿಡಿಸುವುದು, ಮತ್ತೆ ಮೀಟಿಂಗ್. ನನಗೆ ಇಷ್ಟವಾಗುತ್ತಿದ್ದದ್ದು ಲೆಕ್ಕ ತಾಳೆ ಹಾಕುವುದು. ಎರಡು ಕಡೆಯ ಮೊತ್ತಕ್ಕೆ 360 ವ್ಯತ್ಯಾಸ ಬಂದಿದೆ ಅನ್ನಿ. 360 ಅನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ, ಅಂದರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು ಅಂತ ಮೊದಲ ಗುಮಾನಿ. ಹುಡುಕುತ್ತಾ ಹೋದರೆ 7,840 ಇರಬೇಕಾದ ಕಡೆ 7,480 ಅಂತ ಸಿಕ್ಕಿಬೀಳುತ್ತದೆ. ಆ ಕ್ಷಣದ ಮಜಾ ಹೊರಗಿನವರಿಗೆ ಹೇಳಿದರೆ ಅರ್ಥ ಆಗಲ್ಲ. ಬಡ್ತಿ ಸಿಕ್ಕ ಮೇಲೆ ಆ ಕೆಲಸವೇ ನನ್ನ ಕೈಬಿಟ್ಟು ಹೋಯಿತು.

ಬಡ್ತಿಯ ಖುಷಿಯೂ ಬೇಗ ಇಳಿಯಿತು. ನನ್ನಲ್ಲೇ ಏನೋ ಕೊರತೆ ಇರಬೇಕು ಅಂತ ಒಳಗೊಳಗೇ ಹೆದರಿದ್ದೆ. ಆಮೇಲೆ ತಿಳಿಯಿತು, ಇದು ಎಲ್ಲರ ಹಣೆಬರಹ. ಡೇನಿಯಲ್ ಗಿಲ್ಬರ್ಟ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೆಲಸ ಇನ್ನೂ ಕಾಯಂ ಆಗದ ಪ್ರಾಧ್ಯಾಪಕರನ್ನು ಕಾಯಂ ಆದರೆ ಎಷ್ಟು ಖುಷಿಯಾಗಿರುತ್ತೀರಿ, ಆಗದಿದ್ದರೆ ಎಷ್ಟು ಅಂತ ಕೇಳಿದ್ದರು. ಎರಡಕ್ಕೂ ಭಾರೀ ಅಂತರ ಇರುತ್ತದೆ ಅಂತ ಅವರ ಊಹೆ. ನಿಜವಾಗಿ ಕಾಯಂ ಆದವರನ್ನೂ ಆಗದವರನ್ನೂ ವಿಚಾರಿಸಿದರೆ ಅಂತರ ಅಷ್ಟೇನೂ ಇರಲಿಲ್ಲ. ಆ ಪ್ರಾಧ್ಯಾಪಕರಿಗೇ ಲೆಕ್ಕ ತಪ್ಪಿದ ಮೇಲೆ ನಾನು ಯಾವ ಲೆಕ್ಕ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಯಶಸ್ಸು, ಆಮೇಲೆ ಖುಷಿ ಅಂತ ಸಾಲಿನಲ್ಲಿ ನಿಲ್ಲಿಸಿದ್ದು ಯಾರು? 2005ರಲ್ಲಿ ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬ ಮನೋವಿಜ್ಞಾನಿ ಮತ್ತು ಇನ್ನಿಬ್ಬರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಎಷ್ಟೋ ಕಡೆ ಖುಷಿಯೇ ಮುಂಚೆ ಬಂದು, ಒಳ್ಳೆಯ ಕೆಲಸ, ಒಳ್ಳೆಯ ಸಂಬಂಧ, ಆರೋಗ್ಯ ಆಮೇಲೆ ಬಂದಿದ್ದವು. ಮುಖ ಗಂಟಿಕ್ಕಿಕೊಂಡರೆ ಮಾತ್ರ ಮೇಲೆ ಬರಬಹುದು ಅನ್ನುವವರು ಇದನ್ನು ಓದಬೇಕು. ಬೆಳಗಿನ ಜಾವ ಎದ್ದು ಎಲ್ಲ ತ್ಯಾಗ ಮಾಡಿ ಅಂತ ವಿಡಿಯೋದಲ್ಲಿ ಅರಚುವವರನ್ನು ನಾನು ಈಗ ನೋಡುವುದೇ ಇಲ್ಲ.

ಒಂದು ಮಾತು. ಸಾಲ ಕುತ್ತಿಗೆಗೆ ಬಂದಿದ್ದರೆ, ಮನೆ ನಿಮ್ಮೊಬ್ಬರ ದುಡಿಮೆ ಮೇಲೆ ನಿಂತಿದ್ದರೆ, ಇದೆಲ್ಲ ಬದಿಗಿಡಿ, ಮೊದಲು ದುಡಿಯಿರಿ. ದುಡ್ಡಿನಿಂದ ಏನೂ ಇಲ್ಲ ಅನ್ನುವುದು ದುಡ್ಡಿದ್ದವರ ಮಾತು. ಆದರೆ ಆಗಲೂ ಜನರನ್ನು ಬಿಡಬೇಡಿ. ಹಾರ್ವರ್ಡ್‌ನವರು 1938ರಲ್ಲಿ ಶುರು ಮಾಡಿ ಇವತ್ತಿಗೂ ನಡೆಸುತ್ತಿರುವ ಅಧ್ಯಯನ ಒಂದಿದೆ, ನೂರಾರು ಜನರ ಬದುಕನ್ನು ಹರೆಯದಿಂದಲೇ ಹಿಂಬಾಲಿಸಿದ್ದು. ಐವತ್ತರಲ್ಲಿ ತಮ್ಮವರ ಜೊತೆ ಚೆನ್ನಾಗಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಅನ್ನುತ್ತಾರೆ ಅದನ್ನು ಮುನ್ನಡೆಸುವ ರಾಬರ್ಟ್ ವಾಲ್ಡಿಂಗರ್. ಅಂಥ ನಂಟು ಬಡ್ತಿಯ ಪತ್ರದ ಜೊತೆ ಲಗತ್ತಾಗಿ ಬರುವುದಿಲ್ಲ.

ಕೆಲಸ ಬಿಟ್ಟು ಬೆಟ್ಟ ಹತ್ತಿದೆ ಅಂತ ಹೇಳುತ್ತೇನೆ ಅಂದುಕೊಂಡಿದ್ದರೆ, ಇಲ್ಲ, ಅದೇ ಕುರ್ಚಿಯಲ್ಲಿದ್ದೇನೆ. ತಿಂಗಳ ಕೊನೆಗೆ ಒಂದು ಲೆಡ್ಜರ್ ಮಾತ್ರ ಯಾರಿಗೂ ಕೊಡದೆ ನಾನೇ ತಾಳೆ ಹಾಕುತ್ತೇನೆ, ಕೈಕೆಳಗಿನವರು ಇದನ್ನು ಹುಚ್ಚು ಅನ್ನುತ್ತಾರೆ. ಸಂಜೆ ಆಟಕ್ಕೆ ಹೋಗುತ್ತೇನೆ, ಈಗ ಹುಡುಗರು ಓಡಾಡಿಸಿ ಸುಸ್ತು ಮಾಡುತ್ತಾರೆ. ಗೆಳೆಯನ ಜೊತೆ ಮತ್ತೆ ಮಾತು ಶುರುವಾಗಿದೆ. ಮೊದಲಿನ ಹಾಗಲ್ಲ. ಅವನ ಸುದ್ದಿಗಳು ನನಗೆ ಬೇರೆಯವರಿಂದ ಗೊತ್ತಾಗುತ್ತವೆ.

ನಿಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಓದಿದೆ. ಏನೇನು ಬಿಡುತ್ತೇನೆ ಅನ್ನುವ ಪಟ್ಟಿ ಉದ್ದ ಇದೆ. ಐದು ವರ್ಷದಲ್ಲಿ ಏನಾಗಬೇಕು ಅಂತ ಒಂದು ಸಾಲೂ ಇಲ್ಲ. ಅದನ್ನು ಬರೆಯಿರಿ, ಅದನ್ನು ಈಗಾಗಲೇ ಪಡೆದ ಯಾರನ್ನಾದರೂ ಹಿಡಿದು ಅವರ ಮಾಮೂಲಿ ಮಂಗಳವಾರ ಹೇಗಿರುತ್ತದೆ ಅಂತ ಕೇಳಿ, ಆಮೇಲೂ ಎಲ್ಲ ಬಿಡುತ್ತೇನೆ ಅನ್ನಿಸಿದರೆ ಬನ್ನಿ, ಜಗಳ ಆಡೋಣ.