ಹಾಲು ಬಿಡಿಸುವ ಮೊದಲು ಮಾತ್ರೆಯ ಹೊತ್ತು ನೋಡಿ

(ಹೆಸರು, ಊರು, ಗುರುತಿನ ವಿವರಗಳನ್ನು ಬದಲಿಸಿದ್ದೇನೆ.)

ನಂಜಪ್ಪನವರಿಗೆ 68 ವರ್ಷ. ಹಾಸನದ ಕಡೆಯ ರೈತರು. ಹಸು ಸಾಕಿ ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಿದ್ದವರು. ಕೈ ನಡುಗಿಸುವ, ಮೈ ಬಿಗಿಯಾಗಿಸುವ ಪಾರ್ಕಿನ್ಸನ್ಸ್ ಎಂಬ ನರಗಳ ಕಾಯಿಲೆ ಬಂದು ನಾಲ್ಕು ವರ್ಷವಾಗಿದೆ. ಹಾಲಿನ ಪ್ರೋಟೀನ್ ಮೆದುಳಿಗೆ ವಿಷ ಅನ್ನುವ ವಿಡಿಯೋ ನೋಡಿದ ಮಗಳು ಸುಮಾ, ಮನೆಯಲ್ಲಿ ಹಾಲು, ಮೊಸರು, ಮಜ್ಜಿಗೆ ಮೂರನ್ನೂ ನಿಲ್ಲಿಸಿಬಿಟ್ಟರು. ಎರಡು ತಿಂಗಳಲ್ಲಿ ಅಪ್ಪ ನಾಲ್ಕು ಕೆ.ಜಿ. ಇಳಿದರು. ತಾಯಿ ಜಯಮ್ಮ, ಮಗಳು ಮಾತು ಬಿಟ್ಟರು. ಆಮೇಲೆ ಮೂವರೂ ನನ್ನ ಹತ್ತಿರ ಬಂದರು.

"ಮೊಸರನ್ನ ಇಲ್ಲದೆ ಅವರಿಗೆ ಊಟ ಮುಗಿಯೋದೇ ಇಲ್ಲ ಮೇಡಂ" ಎಂದು ಜಯಮ್ಮನವರು ಅತ್ತರು. ಸುಮಾ ಹೇಳಿದ್ದು ಇನ್ನೊಂದು: "ಹಾಲು ಬಿಟ್ಟ ಮೇಲೆ ಬೆಳಿಗ್ಗೆ ಅಪ್ಪನ ಕೈಕಾಲು ಸಡಿಲ ಆಗಿದೆ. ಅಂದ್ರೆ ಹಾಲಿನದೇ ತಪ್ಪು ಅಲ್ವಾ?"

ಅವರು ಕಂಡದ್ದು ನಿಜ. ಆದರೆ ಕಾರಣ ಬೇರೆ ಇರಬಹುದು ಅನ್ನಿಸಿತು. ನಂಜಪ್ಪನವರನ್ನೇ ಕೇಳಿದೆ. ಮೊದಲೆಲ್ಲ ಈ ಕಾಯಿಲೆಗೆ ಕೊಡುವ ಲೆವೊಡೋಪಾ ಎಂಬ ಮಾತ್ರೆಯನ್ನು ಬೆಳಿಗ್ಗೆ ಒಂದು ಲೋಟ ಬಿಸಿ ಹಾಲಿನ ಜೊತೆಗೇ ನುಂಗುತ್ತಿದ್ದರಂತೆ. ಮಧ್ಯಾಹ್ನದ ಮಾತ್ರೆ ಈಗಲೂ ಮುದ್ದೆ, ಕಾಳು ಸಾರು ಉಂಡ ಕೂಡಲೇ. "ಮಧ್ಯಾಹ್ನ ಕಾಲು ನೆಲಕ್ಕೆ ಅಂಟ್ಕೊಂಡಂಗೆ ಆಗುತ್ತೆ ಕಣಮ್ಮ" ಎಂದರು. ಆ ಊಟದಲ್ಲಿ ಹಾಲಿನ ಹನಿಯೂ ಇಲ್ಲ.

ಲೆವೊಡೋಪಾ ಕೂಡ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಒಡೆದಾಗ ಸಿಗುವ ಸಣ್ಣ ತುಣುಕುಗಳ ಜಾತಿಯದು. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನ್ ಇರಲಿ, ಕಾಳಿನ ಪ್ರೋಟೀನ್ ಇರಲಿ, ಜೀರ್ಣವಾದಾಗ ಅಮೈನೋ ಆಮ್ಲಗಳಾಗುತ್ತವೆ. ಸಣ್ಣ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗಲು ಮಾತ್ರೆಗೂ ಈ ಆಮ್ಲಗಳಿಗೂ ಒಂದೇ ಬಾಗಿಲು. ಒಟ್ಟಿಗೆ ಬಂದರೆ ಮಾತ್ರೆ ಹಿಂದೆ ಬೀಳುತ್ತದೆ.

ಸುಮಾ ಫೋನ್ ತೆಗೆದು 2017ರ ಅಮೆರಿಕದ ಅಧ್ಯಯನ ತೋರಿಸಿದರು. ಸುಮಾರು 1,30,000 ಜನರನ್ನು 25 ವರ್ಷದಷ್ಟು ಗಮನಿಸಿದ್ದರು. ಕೊಬ್ಬು ಕಡಿಮೆ ಇರುವ ಹಾಲಿನ ಪದಾರ್ಥವನ್ನು ದಿನಕ್ಕೆ ಮೂರು ಸಲಕ್ಕಿಂತ ಕಡಿಮೆಯಿಲ್ಲದಂತೆ ತಗೊಂಡವರಲ್ಲಿ ಈ ಕಾಯಿಲೆಯ ಅಪಾಯ 34% ಜಾಸ್ತಿ ಕಂಡಿತ್ತು. ಕೇಳಿದರೆ ಭಯವಾಗುತ್ತದೆ. ಲೆಕ್ಕ ಬಿಡಿಸಿದರೆ ಅವರಲ್ಲಿ ಕಾಯಿಲೆ ಬಂದದ್ದು ನೂರಕ್ಕೆ ಸುಮಾರು ಒಬ್ಬರಿಗೆ. ಹಾಲೇ ಕಾರಣ ಎಂದು ಅದು ಸಾಬೀತು ಮಾಡಿಲ್ಲ. ಕಾಯಿಲೆ ಬಂದವರು ಮೊಸರು ಬಿಟ್ಟರೆ ಗುಣವಾಗುತ್ತದೆ ಎಂದಂತೂ ಹೇಳಿಲ್ಲ. ಪಾರ್ಕಿನ್ಸನ್ಸ್ ಇರುವವರು ಮೈ ಇಳಿಸಿಕೊಳ್ಳುವುದೇ ನನಗೆ ಹೆಚ್ಚು ಚಿಂತೆಯ ವಿಷಯ.

ನಂಜಪ್ಪನವರಿಗೆ ಮಲಬದ್ಧತೆಯೂ ಇತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಈ ಕಾಯಿಲೆಯಲ್ಲಿ ಅದು ಬಹಳ ಸಾಮಾನ್ಯ, ಎಷ್ಟೋ ಜನರಲ್ಲಿ ನಡುಕಕ್ಕಿಂತ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗಿರುತ್ತವೆ. ಎಂಟೆರೊಕಾಕಸ್ ಫೀಕಾಲಿಸ್ ಎಂಬ ಒಂದು ಜಾತಿ ಲೆವೊಡೋಪಾವನ್ನು ಕರುಳಲ್ಲೇ ಡೋಪಮೈನ್ (ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಕಡಿಮೆಯಾಗುವ ರಾಸಾಯನಿಕ) ಮಾಡಿಬಿಡುತ್ತದೆ ಎಂದು 2019ರಲ್ಲಿ ತೋರಿಸಿದ್ದಾರೆ. ಅಲ್ಲಿ ಆದ ಡೋಪಮೈನ್ ಮೆದುಳಿಗೆ ಹೋಗದು. ಇಟಲಿಯಲ್ಲಿ 2016ರ ಒಂದು ಪ್ರಯೋಗದಲ್ಲಿ, ಒಳ್ಳೆಯ ಬ್ಯಾಕ್ಟೀರಿಯಾ ಮತ್ತು ನಾರು ಸೇರಿಸಿದ ಹುದುಗಿಸಿದ ಹಾಲು ಕುಡಿದ ರೋಗಿಗಳಿಗೆ ಮಲಬದ್ಧತೆ ಕಡಿಮೆಯಾಯಿತು. ಮನೆಯ ಮೊಸರು ಅದಕ್ಕೆ ಸಮ ಎನ್ನಲಾರೆ. ಆದರೆ ಮೊಸರನ್ನು ಶತ್ರು ಮಾಡಲು ಕಾರಣವಿಲ್ಲ.

ನನ್ನ ಸಲಹೆ ಇಷ್ಟು. ನರರೋಗ ತಜ್ಞರನ್ನು ಕೇಳಿಕೊಂಡು, ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಬರೀ ನೀರಿನ ಜೊತೆ ಕೊಡಿ. ಹೊಟ್ಟೆ ತೊಳಸಿದರೆ ಒಂದು ಬಾಳೆಹಣ್ಣು ಸಾಕು. ಕಾಳು, ಹಾಲು, ಮೊಸರು ಹೆಚ್ಚಾಗಿ ರಾತ್ರಿ ಊಟಕ್ಕಿರಲಿ. ಪ್ರೋಟೀನ್ ಕಡಿಮೆ ಮಾಡಬೇಡಿ, ಹೊತ್ತು ಬದಲಿಸಿ. ಸೊಪ್ಪು, ನೀರು, ದಿನಾ ನಡಿಗೆ ಬೇಕು. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಸುಮಾ ಅವರಿಗೆ ಬೇರೆಯಾಗಿ ಒಂದು ಮಾತು ಹೇಳಿದೆ. ಅಪ್ಪನ ತಟ್ಟೆಯಿಂದ ಏನಾದರೂ ತೆಗೆಯುವ ಮೊದಲು ಅಪ್ಪನನ್ನು ಕೇಳಿ. ಅವರ ಕೈ ನಡುಗುತ್ತಿದೆ, ಯೋಚನೆ ಸರಿಯಾಗೇ ಇದೆ.

ಮುಂದಿನ ಭೇಟಿಗೆ ಮಾತ್ರೆಯ ಹೊತ್ತು, ಊಟದ ಹೊತ್ತು, ಕಾಲು ಹಿಡಿದ ಹೊತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತರಲು ಹೇಳಿದ್ದೇನೆ. ಜಯಮ್ಮನವರು ಬರೆಯುತ್ತಾರೆ. ಮಗಳು ಅದನ್ನು ವೈದ್ಯರಿಗೆ ತೋರಿಸುತ್ತಾರೆ.