ಸಂಪಾದಕರ ಉತ್ತರ: ಸೋತವರೂ ಒಪ್ಪುವಂಥ ಎಣಿಕೆ ಬೇಕು

ಹಾವೇರಿ ಜಿಲ್ಲೆಯ ಹಿರೇಕೆರೂರು ಕಡೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು:

'ನನ್ನ ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ. ಪಂಚಾಯಿತಿ ಚುನಾವಣೆ ಬಂದರೆ ಅವರಿಗೆ ರಜೆ ಸಿಗಲ್ಲ, ಸಿಕ್ಕರೂ ಬಸ್ಸಿನಲ್ಲಿ ಸೀಟಿಲ್ಲ. ಕೊನೆಗೆ ಯಾರಾದರೂ ಅಭ್ಯರ್ಥಿ ಕಡೆಯವರು ಗಾಡಿ ಮಾಡಿ ಕರೆಸಿಕೊಳ್ಳುತ್ತಾರೆ. ಅದರ ಋಣ ಬೇರೆ. ಬಿಹಾರದಲ್ಲಿ ಮೊಬೈಲಿನಲ್ಲೇ ಮತ ಹಾಕಿಸಿದರಂತೆ. ದುಡ್ಡು ಕಳಿಸೋದು ಫೋನಿನಲ್ಲೇ ಆಗುವಾಗ ವೋಟು ಯಾಕಾಗಬಾರದು? ನಮ್ಮ ಸರ್ಕಾರ ನೋಡಿದರೆ ಮತಯಂತ್ರವೂ ಬೇಡ, ಮತಪತ್ರಕ್ಕೇ ವಾಪಸ್ ಹೋಗೋಣ ಅನ್ನುತ್ತಿದೆ. ಇನ್ನೊಂದು ಮಾತು. ನಮ್ಮ ತಾಯಿಗೆ ಕೈ ನಡುಗುತ್ತದೆ. ಮತಪತ್ರ ಬಂದರೆ ಅವರ ಮತ ಕುಲಗೆಡುವುದು ಗ್ಯಾರಂಟಿ. ಅವರೇನು ಮಾಡಬೇಕು?'

ಮಾನ್ಯರೇ,

ನಿಮ್ಮ ಕಷ್ಟ ನಿಜವಾದದ್ದು. ಆದರೂ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗ್ರಾಮ ಪಂಚಾಯಿತಿಗೆ ಫೋನ್ ಮತದಾನ ಬರಬಾರದು. ಮತಯಂತ್ರ ಬರುವುದಾದರೆ ಬರಲಿ, ಆದರೆ ಕಾಗದದ ಚೀಟಿ ತೋರಿಸುವ ವಿವಿಪ್ಯಾಟ್ ಕೂಡ ಜೊತೆಗೇ ಬರಲಿ. ಅದಿಲ್ಲದ ಯಂತ್ರಕ್ಕಿಂತ ಮತಪತ್ರವೇ ವಾಸಿ.

ಚುನಾವಣೆಯಲ್ಲಿ ಗೆದ್ದವರನ್ನು ಒಪ್ಪಿಸುವ ಕಷ್ಟ ಯಾರಿಗೂ ಇಲ್ಲ. ಯಾವ ಪದ್ಧತಿ ತಂದರೂ ಅವರು ಸರಿಯಾಗಿದೆ ಅನ್ನುತ್ತಾರೆ. ಸೋತವರು, ಅವರ ಮನೆಯವರು, ಅವರ ಓಣಿಯವರು 'ಹೌದು, ನಮಗೇ ಕಡಿಮೆ ಬಿತ್ತು' ಎಂದು ಒಪ್ಪಿ ಮನೆಗೆ ಹೋಗಬೇಕು. ಮತದಾನದ ಯಾವ ಪದ್ಧತಿಯನ್ನಾದರೂ ನಾನು ಅಳೆಯುವುದು ಇದೊಂದರಿಂದಲೇ.

ಊರಿನ ಚುನಾವಣೆಯಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ. ನಮ್ಮಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಪಂಚಾಯಿತಿ ಸದಸ್ಯರು. ಅದರಲ್ಲಿ ಮಕ್ಕಳನ್ನು ಬಿಟ್ಟರೆ ಮತದಾರರು ಎಷ್ಟು ಉಳಿದರು, ನೀವೇ ಲೆಕ್ಕ ಹಾಕಿ. ನಾಲ್ಕು ಮತ, ಐದು ಮತದ ಅಂತರ ಅಲ್ಲಿ ಮಾಮೂಲು. ಸಮಬಲವಾಗಿ ಚೀಟಿ ಎತ್ತಿದ್ದೂ ಇದೆ. ವಿಧಾನಸಭೆಯಲ್ಲೇ ಒಂದು ಮತಕ್ಕೆ ಗೆದ್ದ ಉದಾಹರಣೆ ನಮ್ಮ ರಾಜ್ಯದಲ್ಲಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಜಯನಗರದ ಫಲಿತಾಂಶ ನಿಂತದ್ದು ಬರೀ 16 ಮತಗಳ ಮೇಲೆ. ಅಲ್ಲಿ ರಾತ್ರಿಯವರೆಗೆ ಜಗಳ ನಡೆದದ್ದು ಮತಗಟ್ಟೆಯಲ್ಲಿ ಬಿದ್ದ ಮತಗಳಿಗಾಗಿ ಅಲ್ಲ, ಅಂಚೆ ಮತಗಳಿಗಾಗಿ. ಮತಗಟ್ಟೆಯ ಹೊರಗೆ ಹಾಕಿದ ಮತದ ಮೇಲೇ ಅನುಮಾನ ಬೇಗ ಬರುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಮತಯಂತ್ರ ನಮ್ಮ ದೇಶದಲ್ಲಿ ಸಲೀಸಾಗಿ ಒಪ್ಪಿಗೆಯಾಗಿದ್ದು ಅಂದುಕೊಂಡವರು ಜಾಸ್ತಿ. ಹಾಗಾಗಲಿಲ್ಲ. ಮೊದಲ ಪ್ರಯೋಗ ಕೇರಳದ ಪರವೂರಿನಲ್ಲಿ, 1982ರ ವಿಧಾನಸಭಾ ಚುನಾವಣೆಯಲ್ಲಿ. ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರ, ಮಿಕ್ಕ ಕಡೆ ಮತಪತ್ರ. ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದರು. ಸೋತ ಎ.ಸಿ. ಜೋಸ್ ಸುಮ್ಮನೆ ಕೂರಲಿಲ್ಲ, ಕೋರ್ಟಿಗೆ ಹೋದರು. ಯಂತ್ರದಲ್ಲಿ ಮತದಾನ ನಡೆಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ 50 ಮತಗಟ್ಟೆಗಳಲ್ಲಿ ಮತಪತ್ರದಲ್ಲೇ ಮರುಮತದಾನ ಆಯಿತು. ಈ ಸಲ ಗೆದ್ದವರು ಜೋಸ್.

ಇದಾದ ಮೇಲೆ ಸಂಸತ್ತು 1988ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ಆಮೇಲೂ ಅವಸರ ಮಾಡಲಿಲ್ಲ. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ 16 ವಿಧಾನಸಭಾ ಕ್ಷೇತ್ರಗಳಲ್ಲಿ ನೋಡಿದರು. ಇಡೀ ದೇಶದ ಲೋಕಸಭಾ ಚುನಾವಣೆ ಪೂರ್ತಿ ಯಂತ್ರದಲ್ಲಿ ನಡೆದದ್ದು 2004ರಲ್ಲಿ. ಪರವೂರಿನಿಂದ ಅಲ್ಲಿಗೆ 22 ವರ್ಷ. ಯಂತ್ರ ತಯಾರಿಸಿ ಕೊಡಲು ನಮ್ಮ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಇದ್ದವು. ಹೆಚ್ಚು ಕಾಲ ಹಿಡಿದದ್ದು ಜನರ ನಂಬಿಕೆ ಗಳಿಸಲು.

ಆ ನಂಬಿಕೆ ಹೇಗೆ ಬಂತು ಅನ್ನುವುದು ಮತಗಟ್ಟೆಯಲ್ಲಿ ಅಭ್ಯರ್ಥಿಗಳ ಏಜೆಂಟರಾಗಿ ಕೂತವರಿಗೆ ಗೊತ್ತು. ಬೆಳಿಗ್ಗೆ ಮತದಾನ ಶುರುವಾಗುವ ಮೊದಲು ಅಣಕು ಮತದಾನ ನಡೆಯುತ್ತದೆ. ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ, ಎಣಿಸಿ, ಹಾಕಿದ್ದಕ್ಕೂ ಬಂದದ್ದಕ್ಕೂ ತಾಳೆ ನೋಡುತ್ತಾರೆ. ಅಷ್ಟನ್ನೂ ಅಳಿಸಿ ಲೆಕ್ಕ ಸೊನ್ನೆಗೆ ಬಂದದ್ದನ್ನು ತೋರಿಸುತ್ತಾರೆ. ಆಮೇಲೆ ಕಾಗದದ ಸೀಲು. ಅದರ ಮೇಲೆ ಏಜೆಂಟರೂ ಸಹಿ ಮಾಡುತ್ತಾರೆ, ನಂಬರ್ ಬರೆದುಕೊಳ್ಳುತ್ತಾರೆ. ಸಂಜೆ ಒಟ್ಟು ಎಷ್ಟು ಮತ ಬಿತ್ತು ಅನ್ನುವುದನ್ನು 17ಸಿ ನಮೂನೆಯಲ್ಲಿ ಬರೆದು ಪ್ರತಿ ಕೊಡುತ್ತಾರೆ. ಎಣಿಕೆ ದಿನ ಅದೇ ಪ್ರತಿ ಹಿಡಿದುಕೊಂಡು ಬರುವ ಏಜೆಂಟ್, ಸೀಲಿನ ನಂಬರ್ ನೋಡಿ, ಒಟ್ಟು ಮೊತ್ತ ನೋಡಿ, ಆಮೇಲೆ ತಲೆಯಾಡಿಸುತ್ತಾರೆ. ಅವರು ಎಂಜಿನಿಯರ್ ಆಗಿರಬೇಕಿಲ್ಲ. ಕೂಡುವುದು ಕಳೆಯುವುದು ಬಂದರೆ ಸಾಕು.

ಇಷ್ಟಾದರೂ ಯಂತ್ರದ ಒಳಗೆ ಏನು ನಡೆಯಿತು ಅನ್ನುವ ಅನುಮಾನ ಪೂರ್ತಿ ಹೋಗಲಿಲ್ಲ. ಅದಕ್ಕೇ ವಿವಿಪ್ಯಾಟ್ ಬಂತು. ಬಟನ್ ಒತ್ತಿದ ಮೇಲೆ ಕ್ರಮಸಂಖ್ಯೆ, ಹೆಸರು, ಗುರುತು ಇರುವ ಚೀಟಿ 7 ಸೆಕೆಂಡ್ ಗಾಜಿನ ಹಿಂದೆ ಕಾಣಿಸಿ ಡಬ್ಬಿಗೆ ಬೀಳುತ್ತದೆ. 2013ರಲ್ಲಿ ನಾಗಾಲ್ಯಾಂಡಿನ ನೊಕ್ಸೆನ್ ಉಪಚುನಾವಣೆಯಲ್ಲಿ ಇದನ್ನು ಮೊದಲು ಬಳಸಿದರು. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳ ಚೀಟಿಗಳನ್ನು ಕೈಯಿಂದ ಎಣಿಸಿ ಯಂತ್ರದ ಲೆಕ್ಕದ ಜೊತೆ ಹೋಲಿಸುತ್ತಾರೆ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮತಪತ್ರಕ್ಕೆ ಮರಳಬೇಕೆಂಬ ಬೇಡಿಕೆಯನ್ನು ತಳ್ಳಿಹಾಕಿತು. ಆದರೆ ಎರಡನೇ, ಮೂರನೇ ಸ್ಥಾನ ಪಡೆದವರು ಕೇಳಿದರೆ ಶೇ. 5ರಷ್ಟು ಯಂತ್ರಗಳನ್ನು ಪರಿಶೀಲನೆ ಮಾಡಿಸಿಕೊಳ್ಳಬಹುದು ಎಂದಿತು. ಕೇಳುವ ಹಕ್ಕು ಯಾರಿಗೆ ಸಿಕ್ಕಿತು ನೋಡಿ. ಸೋತವರಿಗೇ ಅಲ್ವಾ?

ಇನ್ನು ನಮ್ಮ ಪಂಚಾಯಿತಿಗಳ ವಿಷಯ. ಈ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಲೋಕಸಭೆ ವಿಧಾನಸಭೆ ನಡೆಸುವ ಆಯೋಗವೇ ಬೇರೆ. 2020ರ ಡಿಸೆಂಬರ್‌ನಲ್ಲಿ ಬೀದರ್ ಜಿಲ್ಲೆಯಲ್ಲಿ ಯಂತ್ರ, ಮಿಕ್ಕೆಲ್ಲ ಕಡೆ ಮತಪತ್ರ ಬಳಸಿದರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಚುನಾವಣೆಗಳಿಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿತು. ನೀವು ಇದನ್ನು ಹಿಂದಕ್ಕೆ ಹೋಗುವುದು ಅನ್ನುತ್ತೀರಿ. ನಾನು ಹಾಗೆ ನೋಡುವುದಿಲ್ಲ. ಮತಪತ್ರದ ಎಣಿಕೆ ತಡ, ಸುಸ್ತು, ಅಸಿಂಧು ಮತಗಳ ತಕರಾರು ಬೇರೆ. ಅದೆಲ್ಲ ನಿಜ. ಆದರೆ ಎಣಿಕೆ ಮೇಜಿನ ಆ ಕಡೆ ನಿಂತ ಏಜೆಂಟ್‌ಗೆ ಪ್ರತಿಯೊಂದು ಕಾಗದವೂ ಕಾಣುತ್ತದೆ. ಮತಪತ್ರದ ಮೇಲೆ ಒತ್ತುವ ಸ್ಟ್ಯಾಂಪಿನ ಗುರುತನ್ನೇ ತೆಗೆದುಕೊಳ್ಳಿ. ಅಡ್ಡಗೆರೆಗಳ ತುದಿ ಒಂದೇ ದಿಕ್ಕಿಗೆ ತಿರುಗಿರುತ್ತದೆ. ಕಾಗದ ಮಡಚಿದಾಗ ಶಾಯಿ ಇನ್ನೊಂದು ಹೆಸರಿನ ಮೇಲೂ ಅಂಟಿದರೆ, ಅಂಟಿದ್ದು ಉಲ್ಟಾ ತಿರುಗಿರುತ್ತದೆ. ನಿಜವಾಗಿ ಒತ್ತಿದ್ದು ಯಾವುದು ಎಂದು ಓದು ಬಾರದವರೂ ಹೇಳಬಹುದು. ಇಂಥ ಸಣ್ಣ ವಿಷಯದಲ್ಲೂ ಯಾರೋ ತಲೆ ಓಡಿಸಿದ್ದಾರೆ, ಅದು ನನಗೆ ತುಂಬಾ ಇಷ್ಟ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ದುಡ್ಡು ಕಳಿಸಬಹುದು, ವೋಟು ಯಾಕಿಲ್ಲ?

ನೀವು ಫೋನಿನಲ್ಲಿ 500 ರೂಪಾಯಿ ಕಳಿಸಿದರೆ ನಿಮ್ಮ ಹೆಸರು, ಪಡೆದವರ ಹೆಸರು, ಹೊತ್ತು ಎಲ್ಲ ದಾಖಲಾಗುತ್ತದೆ. ತಪ್ಪಿದರೆ ಸ್ಟೇಟ್‌ಮೆಂಟ್ ಹಿಡಿದು ಬ್ಯಾಂಕಿನಲ್ಲಿ ಜಗಳ ಮಾಡಬಹುದು. ಮತಕ್ಕೆ ಹೀಗೆ ಮಾಡುವಂತಿಲ್ಲ. ಯಾರು ಹಾಕಿದರು ಅನ್ನುವುದಕ್ಕೂ ಯಾರಿಗೆ ಹಾಕಿದರು ಅನ್ನುವುದಕ್ಕೂ ಇರುವ ನಂಟನ್ನು ಕತ್ತರಿಸಲೇಬೇಕು. ಕತ್ತರಿಸಿದ ಮೇಲೆ ನನ್ನ ಮತ ಸರಿಯಾಗಿ ಸೇರಿತಾ ಎಂದು ತೋರಿಸುವ ಸ್ಟೇಟ್‌ಮೆಂಟ್ ಇರುವುದಿಲ್ಲ. ಇದ್ದರೆ ಅದನ್ನು ಮತ ಕೊಂಡವನಿಗೂ ತೋರಿಸಬಹುದು. ಈ ಗಂಟನ್ನು ಬಿಡಿಸಲು ಗಣಿತ ಬಲ್ಲವರು ಒಳ್ಳೆಯ ದಾರಿಗಳನ್ನು ಹುಡುಕಿದ್ದಾರೆ. ಆದರೆ ಆ ಗಣಿತ ನಮ್ಮ ಎಣಿಕೆ ಮೇಜಿನ ಏಜೆಂಟ್‌ಗೆ ಅರ್ಥವಾಗದು. ಅವರು ಯಾರೋ ತಜ್ಞರ ಮಾತು ನಂಬಬೇಕು. ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ತಮ್ಮ ದೇಶದ ಮತಯಂತ್ರಗಳ ಬಳಕೆಯನ್ನು ಅಸಾಂವಿಧಾನಿಕ ಎಂದದ್ದು ಇದೇ ಕಾರಣಕ್ಕೆ. ಮತದಾನದ ಮುಖ್ಯ ಹಂತಗಳನ್ನು ವಿಶೇಷ ತಿಳಿವಳಿಕೆ ಇಲ್ಲದ ಸಾಮಾನ್ಯ ಪ್ರಜೆಯೂ ಪರೀಕ್ಷಿಸುವಂತಿರಬೇಕು ಎಂದಿತು.

ಇದಕ್ಕಿಂತ ದೊಡ್ಡ ತೊಂದರೆ ಫೋನಿನ ಹೊರಗಿದೆ. ನಿಮ್ಮ ಪತ್ರದಲ್ಲೇ ಗಾಡಿ ಕಳಿಸುವವರ ಮಾತಿದೆ. ಇವತ್ತು ಅವರು ನಿಮ್ಮ ಮಗನನ್ನು ಊರಿಗೆ ಕರೆತರಬಹುದು, ಊಟ ಹಾಕಿಸಬಹುದು. ಆದರೆ ಮರೆಯ ಹಿಂದೆ ಹೋದ ಮೇಲೆ ಮಗ ಒಬ್ಬನೇ. ಋಣ ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ಮತದಾನ ಬಂದರೆ ಅವರು ಗಾಡಿ ಕಳಿಸುವುದಿಲ್ಲ. ಮಗನ ರೂಮಿಗೇ ಬರುತ್ತಾರೆ. 'ನಮ್ಮೆದುರಿಗೇ ಒತ್ತಪ್ಪ' ಅನ್ನುತ್ತಾರೆ. ಊರಿನಲ್ಲಾದರೆ ಜಮೀನು ಕೊಟ್ಟವರು, ಸಾಲ ಕೊಟ್ಟವರು, ಮನೆಯ ಯಜಮಾನರು. ನಾಲ್ಕು ಫೋನುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟುಕೊಂಡು ಒಬ್ಬರೇ ಒತ್ತಿ ಮುಗಿಸುವುದು ಎಷ್ಟು ಹೊತ್ತಿನ ಕೆಲಸ? ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಅವರಿಗೆ ಮತ ಹಾಕುವ ಹೆಂಗಸರು ಮತಗಟ್ಟೆಯ ಆ ರಟ್ಟಿನ ಮರೆಯಲ್ಲಿ ತಮ್ಮ ಇಷ್ಟದಂತೆ ನಡೆದುಕೊಳ್ಳುತ್ತಾರೆ. ಅದೂ ಕೈತಪ್ಪಿ ಹೋಗಬೇಕೇ?

ಬಿಹಾರದಲ್ಲಿ ಆದದ್ದು ನಿಜ. 2025ರ ಜೂನ್ 28ರಂದು ಅಲ್ಲಿನ ರಾಜ್ಯ ಚುನಾವಣಾ ಆಯೋಗ ಕೆಲವು ಪುರಸಭೆ, ನಗರ ಪಂಚಾಯಿತಿ ಚುನಾವಣೆಗಳಲ್ಲಿ ಮೊಬೈಲ್ ಆ್ಯಪ್ ಮೂಲಕ ಮತ ಹಾಕಿಸಿತು. ವಯಸ್ಸಾದವರು, ಅಂಗವಿಕಲರು, ಗರ್ಭಿಣಿಯರು, ದುಡಿಯಲು ಬೇರೆ ಕಡೆ ಹೋದವರು, ಹೀಗೆ ಮತಗಟ್ಟೆಗೆ ಬರಲಾಗದವರಿಗಾಗಿ ಮಾಡಿದ ವ್ಯವಸ್ಥೆ. ಮುಖ ಹೋಲಿಸಿ ನೋಡುವುದು, ಒಂದು ಮೊಬೈಲ್ ನಂಬರಿನಿಂದ ಇಬ್ಬರಿಗೆ ಮಾತ್ರ ಅವಕಾಶ, ಇಂಥ ಎಚ್ಚರಿಕೆಗಳನ್ನೂ ತೆಗೆದುಕೊಂಡರು. ಉದ್ದೇಶ ಒಳ್ಳೆಯದು. ಆದರೆ ಕ್ಯಾಮೆರಾ ನೋಡುವುದು ಮತದಾರರ ಮುಖವನ್ನು. ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಎಸ್ಟೋನಿಯಾ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ದೇಶ. 2005ರಲ್ಲಿ ತನ್ನ ಸ್ಥಳೀಯ ಚುನಾವಣೆಗೇ ಮೊದಲು ಇಂಟರ್‌ನೆಟ್ ಮತದಾನ ತಂದಿತು. ಆಗ ಹಾಗೆ ಮತ ಹಾಕಿದವರು ನೂರಕ್ಕೆ ಇಬ್ಬರಷ್ಟು. 2023ರ ಸಂಸತ್ ಚುನಾವಣೆ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ. ಬಲವಂತಕ್ಕೆ ಅವರು ಕಂಡುಕೊಂಡ ಮದ್ದು ಏನೆಂದರೆ, ಎಷ್ಟು ಸಲ ಬೇಕಾದರೂ ಮತ ಬದಲಾಯಿಸಬಹುದು, ಕೊನೆಯದ್ದು ಮಾತ್ರ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಇಂಟರ್‌ನೆಟ್ ಮತ ರದ್ದು. ಪ್ರತಿಯೊಬ್ಬರ ಕೈಯಲ್ಲೂ ಚಿಪ್ ಇರುವ ಗುರುತಿನ ಚೀಟಿ, ಅದಕ್ಕೆ ಎರಡು ಪಿನ್. ಇಷ್ಟೆಲ್ಲ ಇದ್ದೂ 2017ರ ಸ್ಥಳೀಯ ಚುನಾವಣೆಗೆ ಕೆಲವೇ ವಾರ ಮುಂಚೆ ಆ ಚಿಪ್ಪಿನಲ್ಲೇ ದೋಷ ಇದೆ ಎಂದು ಗೊತ್ತಾಯಿತು. ಸುಮಾರು ಏಳೂವರೆ ಲಕ್ಷ ಚೀಟಿಗಳ ಪ್ರಶ್ನೆ ಅದು. ಇಡೀ ದೇಶದ ಜನಸಂಖ್ಯೆಯೇ ಸುಮಾರು 13 ಲಕ್ಷ. ಅವರು ಅದನ್ನು ಮುಚ್ಚಿಡದೆ ಜನರಿಗೆ ಹೇಳಿದರು, ಚುನಾವಣೆ ನಡೆಸಿದರು. ಆ ಧೈರ್ಯವನ್ನು ಮೆಚ್ಚುತ್ತೇನೆ. ಆದರೆ ಒಂದೇ ಫೋನನ್ನು ಮನೆಮಂದಿ ಎಲ್ಲ ಬಳಸುವ, ಒಟಿಪಿ ಬಂದರೆ ಪಕ್ಕದ ಮನೆ ಹುಡುಗನ ಕೈಗೆ ಕೊಟ್ಟು ಓದಿಸುವ ನಮ್ಮ ಊರುಗಳಿಗೆ ಅದನ್ನು ಹಾಗೇ ಎತ್ತಿ ತರಲಾಗದು.

ಹಾಗಾದರೆ ನಿಮ್ಮ ಮಗ, ಸೊಸೆ ಏನು ಮಾಡಬೇಕು? ಫೋನಿಗಿಂತ ಒಳ್ಳೆಯ ದಾರಿಯೊಂದು ಇತ್ತು. ಕೇಂದ್ರ ಚುನಾವಣಾ ಆಯೋಗ 2022ರ ಕೊನೆಯಲ್ಲಿ ದೂರದ ಊರಿನಲ್ಲಿದ್ದವರಿಗಾಗಿ ಒಂದು ಯಂತ್ರದ ಮಾದರಿ ಮುಂದಿಟ್ಟಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳಿಗೆ ಮತ ಹಾಕಿಸಬಹುದಾದ ಯಂತ್ರ. ಪಕ್ಷಗಳು ಒಪ್ಪಲಿಲ್ಲ, ಮಾತು ಅಲ್ಲಿಗೇ ನಿಂತಿತು. ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಏಕೆಂದರೆ ಅಲ್ಲಿ ಮರೆ ಇದೆ, ಅಧಿಕಾರಿ ಇದ್ದಾರೆ, ಏಜೆಂಟ್ ಕೂರಬಹುದು. ಬೆಂಗಳೂರಿನ ಒಂದು ಶಾಲೆಯಲ್ಲಿ ಹಾವೇರಿ ಜಿಲ್ಲೆಯವರಿಗೆ ಮತಗಟ್ಟೆ ತೆರೆದರೆ ತಪ್ಪೇನು?

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕಾದ್ದು ಸಾಮಾನ್ಯವಾಗಿ ವಾಸ ಮಾಡುವ ಕಡೆ. ನಿಮ್ಮ ಮಗ ಕುಡಿಯುವ ನೀರು, ನಡೆಯುವ ರಸ್ತೆ, ಮನೆ ಮುಂದಿನ ಕಸ ಎಲ್ಲವೂ ಬೆಂಗಳೂರಿನವು. ಅಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೇಳುವವರು ಕಡಿಮೆ ಇದ್ದದ್ದೂ ಅದಕ್ಕೆ ಒಂದು ಕಾರಣ. ಊರಿನ ಮೇಲಿನ ಪ್ರೀತಿ ಇರಲಿ, ಹೆಸರನ್ನು ವಾಸದ ವಾರ್ಡಿಗೆ ವರ್ಗಾಯಿಸಿಕೊಳ್ಳುವ ಬಗ್ಗೆ ಅವರು ಯೋಚಿಸಲಿ.

ಕೊನೆಗೆ ನಿಮ್ಮ ತಾಯಿಯ ವಿಷಯ. ಸ್ಟ್ಯಾಂಪು ಸ್ವಲ್ಪ ಮಸುಕಾಗಿದೆ ಅನ್ನುವ ಒಂದೇ ಕಾರಣಕ್ಕೆ ಮತ ತಳ್ಳಿಹಾಕುವುದಿಲ್ಲ. ಯಾರಿಗೆ ಹಾಕಿದ್ದು ಎಂದು ಅನುಮಾನವಿಲ್ಲದೆ ಗೊತ್ತಾಗಬೇಕು, ಅಷ್ಟೆ. ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ ಬಿದ್ದರೆ ತೊಂದರೆ. ಆದ್ದರಿಂದ ಹೆಸರಿನ ಮೇಲಲ್ಲ, ಗುರುತಿನ ಚಿತ್ರದ ಮೇಲೇ ನಡುಮಧ್ಯಕ್ಕೆ ಒತ್ತಲು ಹೇಳಿ. ಸ್ಟ್ಯಾಂಪ್ ಹಿಡಿಯುವುದೇ ಕಷ್ಟ ಅನ್ನಿಸಿದರೆ ಜೊತೆಗೆ ಒಬ್ಬರನ್ನು ಕರೆದೊಯ್ಯಲು ಅವಕಾಶ ಇದೆಯೇ ಎಂದು ಒಳಗೆ ಹೋದ ತಕ್ಷಣ ಮತಗಟ್ಟೆಯ ಅಧಿಕಾರಿಯನ್ನು ಕೇಳಲಿ, ಮತಪತ್ರ ಕೈಗೆ ಬಂದ ಮೇಲೆ ಅಲ್ಲ. ನಿಮ್ಮ ವಾರ್ಡಿನಲ್ಲಿ ಒಂದಕ್ಕಿಂತ ಜಾಸ್ತಿ ಸ್ಥಾನ ಇದ್ದರೆ ಎಷ್ಟು ಮತ ಹಾಕಬಹುದು ಅನ್ನುವುದನ್ನೂ ಮನೆಯಲ್ಲೇ ಹೇಳಿಕೊಡಿ. ಅದಕ್ಕಿಂತ ಜಾಸ್ತಿ ಒತ್ತಿದರೆ ಮತ ಲೆಕ್ಕಕ್ಕೆ ಬರುವುದಿಲ್ಲ.

– ಸಂ.