ನಿಮ್ಮ ಲೇಖನದಲ್ಲಿ ನಿಮ್ಮ ಗೆಳೆಯ ಎಲ್ಲಿ?

ನಮಸ್ಕಾರ.

ನೀವು ಕಳಿಸಿದ 'ನೋವಿನ ಬಣ್ಣಗಳು' ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ. ದಾವಣಗೆರೆಯಲ್ಲಿ ಜತೆಗೆ ಚಿತ್ರಕಲೆ ಓದಿದ ಗೆಳೆಯನಿಗೆ ಖಿನ್ನತೆ. ತಿಂಗಳುಗಟ್ಟಲೆ ಬ್ರಷ್ ಮುಟ್ಟಿಲ್ಲ. ನೀವು ಅವನ ಬೆನ್ನಿಗೆ ನಿಂತಿದ್ದೀರಿ. ಬರೆಯಬೇಕಾದ ವಿಷಯವೇ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಸುಮ್ನೆ 'ಪ್ರಕಟಣೆಗೆ ಸೂಕ್ತವಾಗಿಲ್ಲ' ಅಂತ ವಾಪಸ್ ಕಳಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಆ ಪುಟದ ಮೊದಲ ಸಾಲು: 'ಖಿನ್ನತೆ ಅವನಿಗೆ ಶಾಪವೂ ಹೌದು, ವರವೂ ಹೌದು.' ಅವನು ಹಾಗೆ ಹೇಳಿದನಾ? ನಿಮ್ಮದೇ ಮೂರನೇ ಪುಟದಲ್ಲಿ ಅವನು ಸ್ನಾನಕ್ಕೂ ಏಳಲಾಗದೆ ಮಧ್ಯಾಹ್ನದವರೆಗೆ ಮಲಗಿರುತ್ತಾನೆ. ಇದರಲ್ಲಿ ವರ ಯಾವುದು, ತೋರಿಸಿ.

ಅದರ ಕೆಳಗೇ ಡಚ್ ಚಿತ್ರಕಾರ ವ್ಯಾನ್ ಗೋ. ಬರಲೇಬೇಕಲ್ಲ! ಈ ವಿಷಯದ ಲೇಖನ ಬಂತೆಂದರೆ ಹಿಂದೆಯೇ ಅವನೂ ಬರುತ್ತಾನೆ. 'ಹುಚ್ಚಿನ ಉತ್ತುಂಗದಲ್ಲೇ ಸ್ಟಾರಿ ನೈಟ್ ಮೂಡಿತು' ಎಂದಿದ್ದೀರಿ. ತಾರೀಕು ನೋಡಿ ಸ್ವಾಮಿ. ಅವನು ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆ ಸೇರಿದ್ದು 1889ರ ಮೇ ತಿಂಗಳಲ್ಲಿ. ಆ ಚಿತ್ರ ಬರೆದದ್ದು ಜೂನ್‌ನಲ್ಲಿ, ಸ್ವಲ್ಪ ಚೇತರಿಸಿಕೊಂಡು ಕೆಲಸದಲ್ಲಿದ್ದಾಗ. ಜುಲೈಯಲ್ಲಿ ಕಾಯಿಲೆ ಮರುಕಳಿಸಿತು, ವಾರಗಟ್ಟಲೆ ಚಿತ್ರ ಬರೆಯಲು ಆಗಲಿಲ್ಲ. ಅದು ಯಾವ ಕಾಯಿಲೆ ಅನ್ನುವುದರಲ್ಲಿ ವೈದ್ಯರಿಗೇ ಇನ್ನೂ ಒಮ್ಮತವಿಲ್ಲ. ಇಷ್ಟಕ್ಕೂ ನಿಮಗೆ ಬೇಕಿದ್ದದ್ದು ಅವನ ತಮ್ಮ ಥಿಯೋ. ಬಣ್ಣ, ಕ್ಯಾನ್ವಾಸ್ ಕಳಿಸಿದವನು, ಆಸ್ಪತ್ರೆ ಖರ್ಚು ಕೊಟ್ಟವನು. ಪಕ್ಕ ನಿಂತವರ ಬಗ್ಗೆ ಬರೆಯುತ್ತಾ ಅವನ ಹೆಸರನ್ನೇ ಎತ್ತಿಲ್ಲ ನೀವು.

ಮುಂದಿನ ಸಾಲು, ಮತ್ತೆ ನಿಮ್ಮ ಗೆಳೆಯನ ಬಗ್ಗೆ: 'ಮಾತ್ರೆಗಳು ಅವನ ಬಣ್ಣವನ್ನು ಮಂಕು ಮಾಡಿದವು. ಬಿಟ್ಟುಬಿಡು ಎಂದೆ.' ಇದನ್ನು ನಾನು ಅಚ್ಚು ಮಾಡುವುದಿಲ್ಲ. ಖಿನ್ನತೆಯ ಮಾತ್ರೆಯ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ಮಾತ್ರ ಮೊದಲೇ ಬರಬಹುದು. ತಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಶುರುವಾಗಬಹುದು. ಮನಸ್ಸು ಮಂಕಾಗಿದೆ ಅಂತ ಕೆಲವರಿಗೆ ಅನಿಸುವುದೂ ನಿಜವೇ. ಅದನ್ನು ಡಾಕ್ಟರಿಗೆ ಹೇಳಬೇಕು. ಅವರು ಡೋಸ್ ಬದಲಿಸುತ್ತಾರೆ, ಇಲ್ಲ ಮಾತ್ರೆಯನ್ನೇ ಬದಲಿಸುತ್ತಾರೆ. ಜತೆಗೆ ಹೋಗಿ, ಚೀಟಿ ಮಾಡಿಸಿ, ಸರದಿ ಬರುವ ತನಕ ಪಕ್ಕದಲ್ಲಿ ಕೂರುವುದು ನಿಮ್ಮ ಕೆಲಸ.

ಇನ್ನೊಂದು ಜಾಗ ಇದೆ. 'ಇದ್ದು ಏನು ಮಾಡೋದು ಕಣೋ ಎಂದ. ನಾನು ನಕ್ಕು, ಬದುಕು ಎಷ್ಟು ಸುಂದರ ಎಂದು ವಿವರಿಸಿದೆ.' ಆ ವಿವರಣೆ ಒಂದೂವರೆ ಪುಟ. ಇಡೀ ಲೇಖನದಲ್ಲಿ ಅವನು ಬಾಯಿಬಿಟ್ಟದ್ದು ಅದೊಂದೇ ಸಲ, ನೀವು ಅವನನ್ನು ಮಾತಾಡಲು ಬಿಟ್ಟಿಲ್ಲ. 'ಸಾಯಬೇಕು ಅನಿಸ್ತಿದೆಯಾ?' ಅಂತ ನೇರವಾಗಿ ಕೇಳಬೇಕಿತ್ತು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬನನ್ನೇ ಬಿಟ್ಟು ಬರಬೇಡಿ, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ನಂಬರು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಲೇಖನ ಆಮೇಲೆ ತಿದ್ದಿದರಾಯ್ತು. ಇವತ್ತು ಹೋಗಿ ಅವನನ್ನು ಕೇಳಿ.

ನಾನು ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ. ಅಲ್ಲೊಬ್ಬ ಕವಿ ಇದ್ದರು, ಒಳ್ಳೆಯ ಕವಿ. ಒಂದು ಮಳೆಗಾಲದಲ್ಲಿ ಬರೆಯುವುದು ನಿಂತಿತು, ಆಮೇಲೆ ಮಾತೂ ನಿಂತಿತು. ಆಫೀಸಿಗೆ ಬಂದು ಕಿಟಕಿ ಪಕ್ಕ ಕೂತಿರುತ್ತಿದ್ದರು. ನಮ್ಮ ಸಂಪಾದಕರು 'ಪದ್ಯ ಎಲ್ಲಿ?' ಅಂತ ಒಮ್ಮೆಯೂ ಕೇಳಲಿಲ್ಲ. ಚಂದಾದಾರರ ವಿಳಾಸದ ಪಟ್ಟಿ ಮುಂದಿಟ್ಟು 'ಆದಷ್ಟು ಬರೀರಿ ರಾಯರೆ' ಅನ್ನುತ್ತಿದ್ದರು. ಕೆಲವು ದಿನ ಹತ್ತು ವಿಳಾಸ, ಕೆಲವು ದಿನ ಒಂದೂ ಇಲ್ಲ. ಉಳಿದದ್ದು ಸಂಜೆ ನನ್ನ ತಲೆಗೆ ಬರುತ್ತಿತ್ತು. ಗೊಣಗಿಕೊಂಡೇ ಬರೆಯುತ್ತಿದ್ದೆ. ನಿಮ್ಹಾನ್ಸ್‌ಗೆ ತೋರಿಸುವ ದಿನ ಸಂಪಾದಕರೇ ಆಟೋ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಸಂಬಳ ಹಿಡಿಯಲಿಲ್ಲ. ಕವಿ ಮತ್ತೆ ಬರೆದರಾ ಅಂತ ನೀವು ಕೇಳುತ್ತೀರಿ, ಗೊತ್ತು. ಬರೆದರು, ಅಪರೂಪಕ್ಕೆ. ಬರೆಯದೆ ಇದ್ದಿದ್ದರೂ ಆ ಆಟೋ ನಿಲ್ಲುತ್ತಿರಲಿಲ್ಲ.

ಅದೇ ಸಂಪಾದಕರು ನನ್ನ ಮೊದಲ ವ್ಯಕ್ತಿಚಿತ್ರದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಮನುಷ್ಯ ಕೈಯಲ್ಲಿ ಏನು ಮಾಡಿದ?' ನಿಮ್ಮ ಲೇಖನದಲ್ಲಿ ಅದಕ್ಕೆ ಉತ್ತರ ಒಂದೇ ಕಡೆ ಇದೆ, ನಾಲ್ಕನೇ ಪುಟದ ತಳದಲ್ಲಿ. 'ಒಣಗಿ ಕಡ್ಡಿಯಾಗಿದ್ದ ಅವನ ಬ್ರಷ್‌ಗಳನ್ನು ಟರ್ಪಂಟೈನ್‌ನಲ್ಲಿ ನೆನೆಹಾಕಿದೆ. ಸೋಪು ಹಾಕಿ ತೊಳೆದು, ಕೂದಲು ಬೆರಳಲ್ಲಿ ನೇರ ಮಾಡಿ ಇಟ್ಟೆ. ಅವನು ಮಲಗಿಕೊಂಡೇ ನೋಡುತ್ತಿದ್ದ.' ಇಲ್ಲಿ ಇಬ್ಬರೂ ಕಾಣುತ್ತೀರಿ. ಇಲ್ಲಿಂದ ಶುರು ಮಾಡಿ. ಹಿಂದಿನ ಮೂರು ಪುಟ ಹರಿದರೂ ನಷ್ಟವಿಲ್ಲ.

ಹೆಸರು, ಬೀದಿ ಎರಡೂ ಬದಲಿಸಿ. ಕಳಿಸುವ ಮೊದಲು ಅವನಿಗೆ ಓದಿ ಹೇಳಿ. ಬೇಡ ಅಂದರೆ ಬೇಡ, ಬೇರೆ ಏನಾದರೂ ಬರೆದು ಕಳಿಸಿ, ನೋಡುತ್ತೇನೆ.